ಮನೆಯ ಗಣಕಯಂತ್ರ ಜಾಲದ ಭದ್ರತಾ ಪರಿಶೀಲನೆ: 2017ರ ಮೋಡೆಮ್ ಪ್ರಕರಣದ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

(ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಅರ್ಜಿದಾರ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಸರ್ಕಾರಿ ಸೇವೆಗಳನ್ನು ಕೋರಿ ಸಲ್ಲಿಕೆಯಾಗುವ ಅರ್ಜಿಗಳು ಈಗ ಕಚೇರಿಯ ಕೌಂಟರಿಗೆ ಮಾತ್ರ ಬರುವುದಿಲ್ಲ. ನಾಗರಿಕರ ಮನೆಗಳಿಂದಲೂ ಬರುತ್ತವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯ ಜಾಲತಾಣ, ಹಲವು ಇಲಾಖೆಗಳ ಸೇವೆಗಳಿಗೆ ಸೇವಾ ಸಿಂಧು, ದಸ್ತಾವೇಜು ನೋಂದಣಿ ಹಾಗೂ ಋಣಭಾರ ಪ್ರಮಾಣಪತ್ರಕ್ಕೆ ಕಾವೇರಿ 2.0, ನಿವೃತ್ತರ ಜೀವಿತ ಪ್ರಮಾಣಪತ್ರಕ್ಕೆ ಜೀವನ್ ಪ್ರಮಾಣ್ ಎಂಬಂತೆ ಬಹುಪಾಲು ವ್ಯವಹಾರ ಮನೆಯ ಮೇಜಿನ ಮೇಲೆಯೇ ನಡೆಯಬಹುದಾಗಿದೆ. ಅರ್ಜಿಯೊಂದಿಗೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟ, ಸ್ವತ್ತಿನ ದಾಖಲೆ ಮತ್ತು ಭಾವಚಿತ್ರಗಳೂ ಅದೇ ದಾರಿಯಲ್ಲಿ ಸಾಗುತ್ತವೆ.

ಕಚೇರಿಯ ಕಪಾಟಿಗೆ ಬೀಗವಿದೆ. ಬೀಗದ ಕೈಗೆ ಒಬ್ಬ ಜವಾಬ್ದಾರ ನೌಕರನಿದ್ದಾನೆ. ಆತನು ವರ್ಗವಾದಲ್ಲಿ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಆ ಕೀಲಿಯೂ ನಮೂದಾಗುತ್ತದೆ. ಮನೆಯಲ್ಲಿ ದೂರದರ್ಶನದ ಪಕ್ಕದಲ್ಲಿ ಮಿನುಗುತ್ತಿರುವ ಮೋಡೆಮ್ ಪೆಟ್ಟಿಗೆಗೆ ಇಂತಹ ಯಾವ ವ್ಯವಸ್ಥೆಯೂ ಇಲ್ಲ. ಸಂಪರ್ಕ ನೀಡಲು ಬಂದವರು ಅದನ್ನು ಅಳವಡಿಸಿ ಹೋದ ದಿನದಿಂದ ಅದರ ಒಳಗಿನ ವ್ಯವಸ್ಥೆಯನ್ನು ಮನೆಯವರು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಇದರಿಂದ ಏನು ಸಂಭವಿಸಬಹುದೆಂಬುದಕ್ಕೆ ಹೊರದೇಶದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿಯೇ 2017ರಲ್ಲಿ ಅದು ಸಂಭವಿಸಿದೆ.

2017ರ ಜುಲೈ ತಿಂಗಳ ಘಟನೆ

2017ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ದೊಡ್ಡ ಸಂಖ್ಯೆಯಲ್ಲಿ ಏಕಾಏಕಿ ಸಂಪರ್ಕ ಕಳೆದುಕೊಂಡವು. ಕರ್ನಾಟಕ ವೃತ್ತವು ಬಾಧಿತ ವೃತ್ತಗಳಲ್ಲಿ ಒಂದಾಗಿತ್ತು. ಅಂದಿನ ವರದಿಗಳು ಬಾಧಿತ ಮೋಡೆಮ್‌ಗಳ ಸಂಖ್ಯೆಯನ್ನು 60,000ಕ್ಕೂ ಹೆಚ್ಚು ಎಂದು ತಿಳಿಸಿದ್ದವು. ಶ್ರಾವಣದ ಮಳೆಯಲ್ಲಿ ದೂರವಾಣಿ ತಂತಿ ಕೆಡುವುದು ಮಲೆನಾಡಿಗೆ ಹೊಸದಲ್ಲವಾದ್ದರಿಂದ ಇದೂ ಮಳೆಯ ಪ್ರತಾಪವೆಂದೇ ಭಾವಿಸುವುದು ಸಹಜವಾಗಿತ್ತು. ಆದರೆ ತಂತಿ ಸರಿಯಾಗಿತ್ತು. ನಿಗಮದ ಕೇಂದ್ರ ಜಾಲವೂ ಸರಿಯಾಗಿತ್ತು. ಕೆಟ್ಟದ್ದು ಗ್ರಾಹಕರ ಮನೆಯೊಳಗಿನ ಪೆಟ್ಟಿಗೆ ಮಾತ್ರ.

ಕಾರಣವು ಅತ್ಯಂತ ಸರಳವಾಗಿತ್ತು. ಮೋಡೆಮ್‌ನ ಒಳವ್ಯವಸ್ಥೆಗೆ ಪ್ರವೇಶಿಸಲು ಬಳಕೆದಾರನ ಹೆಸರು 'ಅಡ್ಮಿನ್', ಗುಪ್ತಪದವೂ 'ಅಡ್ಮಿನ್'. ಕಾರ್ಖಾನೆಯಿಂದ ಬಂದ ಈ ಜೋಡಿಯನ್ನು ಯಾರೂ ಬದಲಾಯಿಸಿರಲಿಲ್ಲ. ಜೊತೆಗೆ, ಸೇವಾ ಸಂಸ್ಥೆಗಳು ಮೋಡೆಮ್‌ಗಳನ್ನು ದೂರದಿಂದ ನಿರ್ವಹಿಸಲು ಬಳಸುವ 7547 ಎಂಬ ಸಂಖ್ಯೆಯ ದ್ವಾರವು ಹೊರಗಿನ ಯಾರಿಗಾದರೂ ತೆರೆದಿತ್ತು. ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶವನ್ನು ರಚಿಸಿದ ಅನಾಮಧೇಯ ವ್ಯಕ್ತಿಯು ಈ ಕೃತ್ಯ ತನ್ನದೆಂದು ಹೇಳಿಕೊಂಡನು. ಸದರಿ ತಂತ್ರಾಂಶವು ಹಣ ಕದಿಯುವುದಿಲ್ಲ, ಮಾಹಿತಿ ಕದಿಯುವುದಿಲ್ಲ. ಉಪಕರಣವನ್ನು ಕೆಲಸಕ್ಕೆ ಬಾರದಂತೆ ಮಾಡಿಬಿಡುತ್ತದೆ. ಭದ್ರತೆಯಿಲ್ಲದ ಉಪಕರಣಗಳು ಬೇರೆ ದುಷ್ಕರ್ಮಿಗಳ ಕೈಸೇರುವ ಮೊದಲೇ ಅವುಗಳನ್ನು ನಿಷ್ಕ್ರಿಯಗೊಳಿಸುವುದು ತನ್ನ ಉದ್ದೇಶವೆಂಬುದು ಆತನ ಸಮರ್ಥನೆಯಾಗಿತ್ತು. ಬೀಗ ಹಾಕದ ಮನೆಗೆ ಕಳ್ಳ ಬರಬಾರದೆಂದು ಮನೆಗೇ ಬೆಂಕಿ ಇಡುವ ಈ ನ್ಯಾಯವನ್ನು ಒಪ್ಪಲಾಗದು. ಆದರೆ ಸಾವಿರಾರು ಮನೆಗಳ ಬಾಗಿಲು ತೆರೆದಿತ್ತೆಂಬ ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಗ್ರಾಹಕರು ಕೂಡಲೇ ಮೋಡೆಮ್‌ನ ಪಾಸ್‌ವರ್ಡ್ ಬದಲಾಯಿಸಬೇಕೆಂದು ನಿಗಮವು ಸಾರ್ವಜನಿಕವಾಗಿ ಕೋರಬೇಕಾಯಿತು.

ಈ ಪ್ರಕರಣವನ್ನು ಇಂದು ಮತ್ತೆ ನೆನೆಯಲು ಕಾರಣವುಂಟು. ಅಂದು ಸಂಪರ್ಕ ಕಡಿತವಾದದ್ದರಿಂದ ತೊಂದರೆಯು ಎಲ್ಲರಿಗೂ ಕಾಣಿಸಿತು. ಅದೇ ತೆರೆದ ಬಾಗಿಲಿನಿಂದ ಒಳಬಂದವನು ಏನನ್ನೂ ಕೆಡಿಸದೆ ಸುಮ್ಮನೆ ಕುಳಿತಿದ್ದರೆ ಒಬ್ಬ ಗ್ರಾಹಕನೂ ದೂರು ನೀಡುತ್ತಿರಲಿಲ್ಲ.

ಸುಮ್ಮನೆ ಕುಳಿತವನು ಮಾಡಬಹುದಾದದ್ದು

ಬ್ರೆಜಿಲ್ ದೇಶದಲ್ಲಿ 2011ರಿಂದ ಆರಂಭವಾಗಿ ಸುಮಾರು 45 ಲಕ್ಷ ಮನೆ ಮೋಡೆಮ್‌ಗಳಲ್ಲಿ ಅಪರಾಧಿಗಳು ಒಂದೇ ಒಂದು ನಮೂದನ್ನು ಬದಲಾಯಿಸಿದರು. ಅದು ಡಿ.ಎನ್.ಎಸ್. ವಿಳಾಸ. ನಾವು ಟೈಪು ಮಾಡುವ ಜಾಲತಾಣದ ಹೆಸರನ್ನು ಯಂತ್ರಕ್ಕೆ ಅರ್ಥವಾಗುವ ಸಂಖ್ಯೆಗೆ ಪರಿವರ್ತಿಸಿ ಕೊಡುವ ದೂರವಾಣಿ ಡೈರೆಕ್ಟರಿಯಂತಹ ವ್ಯವಸ್ಥೆಗೆ ಡಿ.ಎನ್.ಎಸ್. ಎನ್ನುತ್ತಾರೆ. ಡೈರೆಕ್ಟರಿಯೇ ನಕಲಿಯಾದರೆ ಸರಿಯಾದ ಹೆಸರನ್ನು ಬರೆದರೂ ತಪ್ಪು ಮನೆಗೆ ಹೋಗಿ ನಿಲ್ಲುತ್ತೇವೆ. ಅಲ್ಲಿನ ಗ್ರಾಹಕರು ತಮ್ಮ ಗಣಕಯಂತ್ರದಲ್ಲಿ ಯಾವ ದೋಷವೂ ಇಲ್ಲದಿದ್ದರೂ ನಕಲಿ ಪುಟಗಳಿಗೆ ಸಾಗಿ, ಬ್ಯಾಂಕ್ ವಿವರ ಕದಿಯುವ ತಂತ್ರಾಂಶವನ್ನು ತಾವೇ ಇಳಿಸಿಕೊಂಡರು. ಗಣಕಯಂತ್ರದಲ್ಲಿದ್ದ ವೈರಸ್ ನಿರೋಧಕವು ಮೋಡೆಮ್‌ನೊಳಗೆ ಇಣುಕಿ ನೋಡುವುದಿಲ್ಲವಾದ್ದರಿಂದ ಮೂಲ ದೋಷವು ಬಹುಕಾಲ ಪತ್ತೆಯಾಗಲಿಲ್ಲ.

ಎರಡನೆಯ ಬಗೆಯ ದುರ್ಬಳಕೆಯಲ್ಲಿ ನಷ್ಟವು ಮನೆಯವರಿಗಲ್ಲ, ಪರರಿಗೆ. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಪ್ರಸಿದ್ಧ ತಾಣಗಳು ಹಲವು ಗಂಟೆಗಳ ಕಾಲ ಲಭ್ಯವಾಗಲಿಲ್ಲ. ಅದಕ್ಕೆ ಬಳಕೆಯಾದದ್ದು ಜಗತ್ತಿನಾದ್ಯಂತ ಮನೆ, ಅಂಗಡಿಗಳಲ್ಲಿದ್ದ ಕ್ಯಾಮೆರಾ, ಅವುಗಳ ಚಿತ್ರ ದಾಖಲಿಸುವ ಡಿ.ವಿ.ಆರ್. ಪೆಟ್ಟಿಗೆ ಮತ್ತು ರೌಟರ್‌ಗಳು. ಮಿರಾಯ್ ಎಂಬ ಆ ಕುತಂತ್ರಾಂಶದ ಬಳಿ ಇದ್ದ ಆಯುಧವೆಂದರೆ ಕಾರ್ಖಾನೆಯ ಮೂಲ ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿ ಅಷ್ಟೆ.

ಇಂತಹ ಕೋರಿಕೆಗಳ ಮಹಾಪೂರ ಸರ್ಕಾರಿ ಸೇವೆಯ ಮೇಲೆ ಬಂದರೆ ಏನಾಗುತ್ತದೆಂಬುದನ್ನು ರಾಜ್ಯದ ನಾಗರಿಕರು 2025ರ ಆರಂಭದಲ್ಲಿ ಅನುಭವಿಸಿದ್ದಾರೆ. ಕಾವೇರಿ 2.0 ತಂತ್ರಾಂಶದ ಮೇಲೆ ಡಿಡಾಸ್ ದಾಳಿ ನಡೆದು, ನೋಂದಣಿಗೆ ದಿನ ಗೊತ್ತುಪಡಿಸಿಕೊಂಡು ಬಂದವರು ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಕಾದು ಹಿಂದಿರುಗಬೇಕಾಯಿತು. ಅದು ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ ಶೋಧ ಕೋರಿಕೆಗಳನ್ನು ಯಂತ್ರದ ವೇಗದಲ್ಲಿ ಸುರಿಸಿದ ದಾಳಿಯೆಂದು ಸರ್ಕಾರ ತಿಳಿಸಿ ಪೊಲೀಸರಿಗೆ ದೂರು ನೀಡಿತು. ಅದಕ್ಕೂ ಮನೆಯ ಮೋಡೆಮ್‌ಗಳಿಗೂ ನಂಟು ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಡಿಡಾಸ್ ಎಂಬ ಪದವು ಪತ್ರಿಕೆಯ ಅಂಕಣದಿಂದ ಇಳಿದು ಸಾಮಾನ್ಯ ಅರ್ಜಿದಾರನ ಕ್ರಯಪತ್ರದವರೆಗೆ ಬಂದಿದೆ ಎಂಬುದು ಗಮನಾರ್ಹ.

ಮೂರನೆಯದು ಇನ್ನೂ ಗಂಭೀರ. 2008ರ ಜುಲೈ 26ರ ಅಹಮದಾಬಾದ್ ಸರಣಿ ಸ್ಫೋಟಗಳಿಗೆ ಸಂಬಂಧಿಸಿದ ಇ-ಮೇಲ್ ಒಂದು ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ರವಾನೆಯಾಗಿತ್ತು. ಆ ಮನೆಯ ನಿವಾಸಿಗೂ ಕೃತ್ಯಕ್ಕೂ ಸಂಬಂಧವಿರಲಿಲ್ಲ. ಆದರೂ ತನಿಖೆ ಮೊದಲು ಬಂದು ನಿಂತದ್ದು ಅವರ ಬಾಗಿಲಿನಲ್ಲಿಯೇ. ಸಂಪರ್ಕದ ಬಿಲ್ಲು ಯಾರ ಹೆಸರಿನಲ್ಲಿದೆಯೋ ಮೊದಲ ಪ್ರಶ್ನೆಯೂ ಅವರಿಗೇ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಜನರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ದೂರವಾಣಿ ಕರೆ, ವಾಟ್ಸ್‌ಆಪ್ ಲಿಂಕ್ ಮತ್ತು ಓ.ಟಿ.ಪಿ. ಹಂಚಿಕೆಯಿಂದ. ಮೋಡೆಮ್ ಭದ್ರವಾದ ಮಾತ್ರಕ್ಕೆ ಓ.ಟಿ.ಪಿ. ಯಾರಿಗಾದರೂ ಹೇಳಬಹುದೆಂದಲ್ಲ. ಆದರೆ ಕರೆ ಮಾಡಿ ವಂಚಿಸುವವನ ಎದುರು ನಾಗರಿಕನಿಗೆ ಎಚ್ಚರಗೊಳ್ಳುವ ಒಂದು ಅವಕಾಶವಾದರೂ ಇರುತ್ತದೆ. ಮೋಡೆಮ್‌ನ ವಿಷಯದಲ್ಲಿ ಅದೂ ಇರುವುದಿಲ್ಲ.

ದಾಸ್ತಾನು ಪರಿಶೀಲನೆ

ಈ ಟಿಪ್ಪಣಿಯ ಲೇಖಕನು ವಾಣಿಜ್ಯ ಪದವೀಧರನೇ ಹೊರತು ಎಂಜಿನಿಯರ್ ಅಲ್ಲ. ಆದಾಗ್ಯೂ ಲೆಕ್ಕಪರಿಶೋಧನೆಯ ಮೊದಲ ಪಾಠವು ಇಲ್ಲಿಯೂ ಅನ್ವಯವಾಗುತ್ತದೆ. ಪುಸ್ತಕದಲ್ಲಿರುವ ದಾಸ್ತಾನು ಮತ್ತು ಗೋದಾಮಿನಲ್ಲಿರುವ ದಾಸ್ತಾನು ತಾಳೆಯಾಗಬೇಕು. ಮನೆಯಲ್ಲಿ ವೈ-ಫೈ ಬಳಸುವ ಉಪಕರಣಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಮೊಬೈಲ್, ಲ್ಯಾಪ್‌ಟಾಪ್, ಸ್ಮಾರ್ಟ್ ಟಿ.ವಿ., ಕ್ಯಾಮೆರಾ, ಪ್ರಿಂಟರ್, ಮಗನ ಹಳೆಯ ಟ್ಯಾಬ್ ಹೀಗೆ. ನಂತರ ಮೋಡೆಮ್‌ನ ಒಳಗಿನ ಪಟ್ಟಿಯನ್ನು ತೆರೆದು ಎರಡನ್ನೂ ಹೋಲಿಸತಕ್ಕದ್ದು.

ಒಳಗಿನ ಪಟ್ಟಿಯನ್ನು ತೆರೆಯುವುದು ಕಷ್ಟವಲ್ಲ. ಮೋಡೆಮ್‌ನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಅಥವಾ ಅದನ್ನು ಹೋಲುವ ಒಂದು ವಿಳಾಸವಿರುತ್ತದೆ. ಮನೆಯ ವೈ-ಫೈಗೆ ಸೇರಿರುವ ಗಣಕಯಂತ್ರ ಅಥವಾ ಮೊಬೈಲ್‌ನ ಬ್ರೌಸರ್‌ನಲ್ಲಿ ಆ ವಿಳಾಸವನ್ನು ಬರೆದರೆ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪುಟ ಬರುತ್ತದೆ. ಚೀಟಿಯಲ್ಲಿರುವುದನ್ನೇ ಬರೆದಾಗ ಬಾಗಿಲು ತೆರೆದುಕೊಂಡರೆ 2017ರ ಸ್ಥಿತಿಯೇ ನಿಮ್ಮ ಮನೆಯಲ್ಲಿ ಮುಂದುವರಿದಿದೆ ಎಂದು ತಿಳಿಯಬಹುದು. ಒಳಗೆ 'ಕನೆಕ್ಟೆಡ್ ಡಿವೈಸಸ್' ಅಥವಾ 'ಡಿ.ಎಚ್.ಸಿ.ಪಿ. ಕ್ಲೈಂಟ್ಸ್' ಎಂಬ ಶೀರ್ಷಿಕೆಯಡಿ ಈ ಕ್ಷಣದಲ್ಲಿ ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿ ದೊರೆಯುತ್ತದೆ.

ಲೇಖಕನು ಈ ಪರಿಶೀಲನೆಯನ್ನು ಮೊದಲು ವಿನೋಬನಗರದ ತನ್ನ ಮನೆಯಲ್ಲಿಯೂ, ಬಳಿಕ ಭದ್ರಾವತಿಯ ನ್ಯೂಟೌನ್‌ನಲ್ಲಿರುವ ಮಾವನವರ ಮನೆಯಲ್ಲಿಯೂ ಕೈಗೊಂಡನು. ತನ್ನ ಮನೆಯಲ್ಲಿ ಕಾಗದದ ಮೇಲೆ ಏಳು, ಪಟ್ಟಿಯಲ್ಲಿ ಒಂಬತ್ತು. ಹೆಚ್ಚುವರಿ ಎರಡರಲ್ಲಿ ಒಂದು ತನ್ನದೇ ಮೊಬೈಲ್. ಈಚಿನ ಮೊಬೈಲ್‌ಗಳು ಖಾಸಗಿತನಕ್ಕಾಗಿ ತಮ್ಮ ಗುರುತಿನ ಸಂಖ್ಯೆಯನ್ನು ಬದಲಿಸಿಕೊಳ್ಳುವುದರಿಂದ ಒಂದೇ ಉಪಕರಣ ಎರಡು ಬಾರಿ ಕಾಣಿಸುವುದುಂಟು, ಆತಂಕಪಡಬೇಕಾಗಿಲ್ಲ. ಮತ್ತೊಂದು ಎರಡು ವರ್ಷದ ಹಿಂದೆ ಮನೆ ಖಾಲಿ ಮಾಡಿ ಎದುರು ಸಾಲಿಗೆ ಹೋದ ಬಾಡಿಗೆದಾರರ ಮಗನದು. ಮಾವನವರ ಮನೆಯ ಸ್ಥಿತಿ ಬೇರೆಯಾಗಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಅವರು ವೈ-ಫೈ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಹಜಾರದ ಗೋಡೆಗೆ ಅಂಟಿಸಿದ್ದರು. ಬಂದ ನೆಂಟರು ಪದೇ ಪದೇ ಕೇಳುತ್ತಾರೆ ಎಂಬುದು ಅವರ ಸಮಾಧಾನ. ಅದಕ್ಕಿಂತ ಮುಖ್ಯವಾಗಿ, ಗೇಟಿನ ಕ್ಯಾಮೆರಾ ಅಳವಡಿಸಿದವರು ಬೆಂಗಳೂರಿನಲ್ಲಿರುವ ಮಗನು ಮೊಬೈಲ್‌ನಲ್ಲಿ ಮನೆಯನ್ನು ನೋಡಲೆಂದು ಡಿ.ವಿ.ಆರ್. ಪೆಟ್ಟಿಗೆಯನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟಿದ್ದರು. ಅದರ ಪಾಸ್‌ವರ್ಡ್ ಒಂದರಿಂದ ಆರರವರೆಗಿನ ಅಂಕಿಗಳು. ಮಗನಿಗೆ ಕಾಣುವ ಗೇಟು ಜಗತ್ತಿಗೂ ಕಾಣುತ್ತಿತ್ತು.

ಎರಡು ಕೀಲಿಗಳು

ನಾಗರಿಕರಲ್ಲಿ ವ್ಯಾಪಕವಾಗಿರುವ ಒಂದು ಗೊಂದಲವನ್ನು ಇಲ್ಲಿ ನಿವಾರಿಸುವುದು ಅಗತ್ಯ. ಮೋಡೆಮ್‌ಗೆ ಎರಡು ಪಾಸ್‌ವರ್ಡ್‌ಗಳಿವೆ. ವೈ-ಫೈ ಸೇರಲು ಬೇಕಾದದ್ದು ಒಂದು. ಮೋಡೆಮ್‌ನ ಒಳವ್ಯವಸ್ಥೆಯನ್ನು ಬದಲಾಯಿಸಲು ಬೇಕಾದದ್ದು ಇನ್ನೊಂದು. ಮೊದಲನೆಯದು ಮನೆಯ ಮುಂಬಾಗಿಲಿನ ಕೀಲಿ. ಎರಡನೆಯದು ಕಬ್ಬಿಣದ ಪೆಟ್ಟಿಗೆಯದು. ಬಹುತೇಕರು ಮೊದಲನೆಯದನ್ನು ಬದಲಾಯಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. 2017ರಲ್ಲಿ ಹಾನಿಗೆ ಕಾರಣವಾದದ್ದು ಎರಡನೆಯದು.

ಎರಡನ್ನೂ ಬದಲಾಯಿಸತಕ್ಕದ್ದು ಮತ್ತು ಎರಡೂ ಬೇರೆಬೇರೆಯಾಗಿರತಕ್ಕದ್ದು. ಮೊಬೈಲ್ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಮಕ್ಕಳ ಹೆಸರು ಮತ್ತು ಜನ್ಮವರ್ಷಗಳನ್ನು ಬಳಸಬಾರದು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ನೆನಪಿಡಲು ಸುಲಭ, ಊಹಿಸಲು ಕಷ್ಟ. ಅದನ್ನು ದಿನಚರಿಯಲ್ಲಿ ಬರೆದು ಬೀರುವಿನಲ್ಲಿಡುವುದರಲ್ಲಿ ತಪ್ಪಿಲ್ಲ. ಗೋಡೆ ಮಾತ್ರ ಬೇಡ.

ವೈ-ಫೈ ಭದ್ರತೆಯ ವಿಧಾನವು ಡಬ್ಲ್ಯೂ.ಪಿ.ಎ.2 ಅಥವಾ ಡಬ್ಲ್ಯೂ.ಪಿ.ಎ.3 ಆಗಿರಬೇಕು. ಡಬ್ಲ್ಯೂ.ಇ.ಪಿ. ಎಂಬ ಹಳೆಯ ವಿಧಾನದ ದೋಷ 2001ರಲ್ಲಿಯೇ ಬಹಿರಂಗವಾಗಿದೆ. ಇನ್ನು ಡಬ್ಲ್ಯೂ.ಪಿ.ಎಸ್. ಎಂಬ ಸೌಲಭ್ಯವನ್ನು ಮುಚ್ಚತಕ್ಕದ್ದು. ಇದರ ಲೆಕ್ಕ ಸ್ವಾರಸ್ಯಕರವಾದ್ದರಿಂದ ವಿವರಿಸುವುದು ಸೂಕ್ತ. ಡಬ್ಲ್ಯೂ.ಪಿ.ಎಸ್. ಪಿನ್ ಎಂಟು ಅಂಕಿಗಳದ್ದು. ಮೇಲ್ನೋಟಕ್ಕೆ ಹತ್ತು ಕೋಟಿ ಸಾಧ್ಯತೆಗಳು. ಆದರೆ ಕೊನೆಯ ಅಂಕಿಯು ಉಳಿದ ಏಳರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ ಮಾತ್ರ. ಮೇಲಾಗಿ ಮೋಡೆಮ್ ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಿಬಿಡುತ್ತದೆ. ಹೀಗಾಗಿ ಮೊದಲರ್ಧಕ್ಕೆ 10,000, ಎರಡನೆಯ ಅರ್ಧಕ್ಕೆ 1,000, ಒಟ್ಟು 11,000 ಪ್ರಯತ್ನಗಳು ಸಾಕು. ಹತ್ತು ಕೋಟಿಯ ಆಸ್ತಿಯೆಂದು ತೋರಿಸಿದ ಲೆಕ್ಕವು ಪರಿಶೋಧನೆಯ ನಂತರ ಹನ್ನೊಂದು ಸಾವಿರಕ್ಕೆ ಇಳಿದಂತೆ. 2011ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಈ ದೋಷವು ಹಳೆಯ ಮೋಡೆಮ್‌ಗಳಲ್ಲಿ ಈಗಲೂ ಉಳಿದಿರಬಹುದು.

ಹೊರಗಿನಿಂದ ಮೋಡೆಮ್ ನಿರ್ವಹಿಸುವ 'ರಿಮೋಟ್ ಮ್ಯಾನೇಜ್‌ಮೆಂಟ್' ಮತ್ತು ಉಪಕರಣಗಳು ತಾವಾಗಿಯೇ ದ್ವಾರ ತೆರೆದುಕೊಳ್ಳಲು ಅನುವು ಮಾಡುವ 'ಯು.ಪಿ.ಎನ್.ಪಿ.' ಸೌಲಭ್ಯಗಳನ್ನು ಅಗತ್ಯವಿಲ್ಲದಿದ್ದರೆ ನಿಲ್ಲಿಸಬೇಕು. 'ಪೋರ್ಟ್ ಫಾರ್ವರ್ಡಿಂಗ್' ಎಂಬ ಪುಟದಲ್ಲಿ ನಿಮಗೆ ಅರಿವಿಲ್ಲದ ನಮೂದುಗಳಿದ್ದರೆ ಅದು ಸಾಮಾನ್ಯವಾಗಿ ಕ್ಯಾಮೆರಾ ಅಳವಡಿಸಿದವರ ಕೈವಾಡ. ಅವರನ್ನು ಕರೆಸಿ ವಿವರಣೆ ಪಡೆಯಿರಿ. ಬಾಡಿಗೆದಾರರಿಗೆ, ನೆಂಟರಿಗೆ ಹಾಗೂ ಟಿ.ವಿ., ಕ್ಯಾಮೆರಾಗಳಿಗೆ 'ಗೆಸ್ಟ್ ನೆಟ್‌ವರ್ಕ್' ಎಂಬ ಪ್ರತ್ಯೇಕ ಜಾಲವನ್ನು ನೀಡಿದಲ್ಲಿ ಅವು ದಾಖಲೆಗಳಿರುವ ಗಣಕಯಂತ್ರದಿಂದ ದೂರವಿರುತ್ತವೆ.

ಡೈರೆಕ್ಟರಿ ನಕಲಿಯೇ ಎಂದು ತಿಳಿಯುವ ಬಗೆ

ಮೋಡೆಮ್‌ನ ಡಿ.ಎನ್.ಎಸ್. ನಮೂದು 'ಆಟೊಮ್ಯಾಟಿಕ್' ಎಂದಿದ್ದರೆ ಅದನ್ನು ಸೇವಾ ಸಂಸ್ಥೆಯೇ ಪೂರೈಸುತ್ತಿದೆ ಎಂದರ್ಥ. ಅಲ್ಲಿ ಅಪರಿಚಿತ ಸಂಖ್ಯೆಗಳನ್ನು ಕೈಯಾರೆ ತುಂಬಿದ್ದರೆ, ಅವು ಯಾರವೆಂದು ಸಂಸ್ಥೆಯನ್ನು ವಿಚಾರಿಸಬೇಕು.

ಅದಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ. ಸೇವಾ ಪುಟವೊಂದನ್ನು ತೆರೆಯುವಾಗ ಪ್ರಮಾಣಪತ್ರ ಸರಿಯಿಲ್ಲ, ಸಂಪರ್ಕ ಖಾಸಗಿಯಲ್ಲ ಎಂಬ ಎಚ್ಚರಿಕೆ ಬಂದರೆ 'ಮುಂದುವರಿಯಿರಿ' ಎಂಬುದನ್ನು ಒತ್ತಬಾರದು. ಮೊಬೈಲ್‌ನ ವೈ-ಫೈ ಆರಿಸಿ, ಸಿಮ್‌ನ ಡೇಟಾ ಮೂಲಕ ಅದೇ ಪುಟವನ್ನು ತೆರೆಯಿರಿ. ಅಲ್ಲಿಯೂ ಎಚ್ಚರಿಕೆ ಬಂದರೆ ದೋಷವು ಬಹುಶಃ ಜಾಲತಾಣದ ಕಡೆಯದು. ಸರ್ಕಾರಿ ತಾಣಗಳ ಭದ್ರತಾ ಪ್ರಮಾಣಪತ್ರ ಅವಧಿ ಮೀರಿರುವ ಪ್ರಸಂಗಗಳು ಇಲ್ಲವೆಂದು ಹೇಳಲಾಗದು. ಇದು ನಮ್ಮ ಕಡೆಯ ಲೋಪ, ಇದಕ್ಕೆ ನಾಗರಿಕರು ಹೊಣೆಯಲ್ಲ. ಎಚ್ಚರಿಕೆಯು ಮನೆಯ ವೈ-ಫೈನಲ್ಲಿ ಮಾತ್ರ ಬಂದು ಸಿಮ್‌ನಲ್ಲಿ ಬಾರದಿದ್ದರೆ, ಮೋಡೆಮ್ ಅಥವಾ ಅದರಾಚೆಗಿನ ಸಂಪರ್ಕವನ್ನು ಶಂಕಿಸಲು ಕಾರಣವಿದೆ. ಎರಡೂ ಸಂದರ್ಭಗಳಲ್ಲಿ ಅರ್ಜಿಯನ್ನು ಅಂದು ಸಲ್ಲಿಸದೆ ತಡೆಹಿಡಿಯುವುದು ಲೇಸು. ಕೊನೆಯ ದಿನಾಂಕದ ಸಂಜೆ ಅರ್ಜಿ ತುಂಬಲು ಕುಳಿತವರಿಗೆ ಈ ಸಲಹೆ ರುಚಿಸದು ಎಂಬ ಅರಿವಿದೆ. ಅವರು ಸಿಮ್‌ನ ಡೇಟಾ ಬಳಸಿ, ಅಲ್ಲಿ ಎಚ್ಚರಿಕೆ ಬಾರದಿದ್ದಲ್ಲಿ, ಕೆಲಸ ಮುಗಿಸಬಹುದು.

ಮನೆಯ ಗಣಕಯಂತ್ರದ ವಿಷಯದಲ್ಲಿ ಎರಡೇ ಮಾತು. ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7ರದ್ದು 2020ರಲ್ಲಿಯೇ. ಅರ್ಜಿಗಾಗಿ ಸ್ಕ್ಯಾನ್ ಮಾಡಿದ ಆಧಾರ್ ಮತ್ತು ಸ್ವತ್ತಿನ ಪ್ರತಿಗಳು ಜಾಲದಲ್ಲಿ ಹಂಚಿಕೆಯಾದ ಫೋಲ್ಡರ್‌ನಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ದುರಸ್ತಿಯ ನಂತರದ ದುರ್ಬಲತೆ

ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಎರಡೂ ನಗರಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದಿದೆ. ಸಿಡಿಲು, ವಿದ್ಯುತ್ ಏರಿಳಿತಗಳಿಂದ ಮೋಡೆಮ್ ಕೈಕೊಡುವುದು ಮಳೆಗಾಲದಲ್ಲಿ ಸಾಮಾನ್ಯ. ದುರಸ್ತಿಗೆ ಬಂದವರು ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ 'ರೀಸೆಟ್' ಮಾಡುತ್ತಾರೆ. ಸಂಪರ್ಕ ಮರಳುತ್ತದೆ, ಮನೆಯವರು ಚಹಾ ಕೊಟ್ಟು ಕಳುಹಿಸುತ್ತಾರೆ. ಆದರೆ ರೀಸೆಟ್ ಎಂದರೆ ಉಪಕರಣವು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿತು ಎಂದರ್ಥ. ನೀವು ಬದಲಾಯಿಸಿದ ಪಾಸ್‌ವರ್ಡ್ ಅಳಿದು ಹಳೆಯದೇ ಬಂದು ಕೂರುತ್ತದೆ, ಮುಚ್ಚಿದ ದ್ವಾರಗಳೂ ತೆರೆದುಕೊಳ್ಳಬಹುದು. ಹೊಸ ಪೆಟ್ಟಿಗೆ ಕೊಟ್ಟರೂ ಇದೇ ಕಥೆ. ಆದ್ದರಿಂದ ಪರಿಶೀಲನೆಯನ್ನು ವರ್ಷಕ್ಕೊಮ್ಮೆ ಎಂದು ನಿಗದಿಪಡಿಸುವುದಕ್ಕಿಂತ, ಪ್ರತಿ ದುರಸ್ತಿಯ ದಿನ ಸಂಜೆ ಕೈಗೊಳ್ಳುವುದು ಹೆಚ್ಚು ಉಪಯುಕ್ತ.

ಹೊಣೆಗಾರಿಕೆಯ ಹಂಚಿಕೆ

ಎಲ್ಲ ಭಾರವನ್ನೂ ನಾಗರಿಕರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. 7547ನೇ ದ್ವಾರವು ಹೊರಗಿನವರಿಗೆ ತೆರೆದಿದ್ದುದನ್ನು ಯಾವ ಗೃಹಿಣಿಯೂ, ಯಾವ ನಿವೃತ್ತರೂ ತಡೆಯಲಾಗುತ್ತಿರಲಿಲ್ಲ. ಸಂಸ್ಥೆಗಳು ಕೊಡುವ ಫೈಬರ್ ಪೆಟ್ಟಿಗೆಗಳಲ್ಲಿ ಕೆಲವು ನಮೂದುಗಳನ್ನು ಗ್ರಾಹಕರು ನೋಡಲೂ ಆಗುವುದಿಲ್ಲ. ಅಂತಹವುಗಳ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಸಂಸ್ಥೆಯದೇ ಕರ್ತವ್ಯ. ಗ್ರಾಹಕರು ಈ ಬಗ್ಗೆ ಬಾಯಿಮಾತಿನಲ್ಲಿ ಕೇಳದೆ ಲಿಖಿತವಾಗಿ ಅಥವಾ ಇ-ಮೇಲ್ ಮೂಲಕ ಕೋರಿ, ದೂರಿನ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.

ಕಾನೂನು ನಿಧಾನವಾಗಿಯಾದರೂ ಈ ದಿಕ್ಕಿನಲ್ಲಿ ಸಾಗಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಮೂಲ ಪಾಸ್‌ವರ್ಡ್ ಇಟ್ಟು ಮಾರುವುದು ನಿಷಿದ್ಧವಾಗಿದೆ. ಭಾರತದಲ್ಲಿ 2024ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯನ್ವಯ ಕಣ್ಗಾವಲು ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು 2025ರ ಏಪ್ರಿಲ್ 9ರಿಂದ ಕಡ್ಡಾಯಗೊಳಿಸಲಾಗಿದೆ. ದೂರಸಂಪರ್ಕ ಉಪಕರಣಗಳ ಭದ್ರತಾ ಮಾನದಂಡಗಳನ್ನು ರೂಪಿಸುವ ರಾಷ್ಟ್ರೀಯ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಆದರೆ ಈ ನಿಯಮಗಳು ಮಾರುಕಟ್ಟೆಗೆ ಬರುವ ಹೊಸ ಉಪಕರಣಗಳಿಗೆ ಸಂಬಂಧಿಸಿದವು. ದುರ್ಗಿಗುಡಿಯ ಅಂಗಡಿಯ ಮೇಲಿರುವ ಏಳು ವರ್ಷದ ಕ್ಯಾಮೆರಾವನ್ನು, ಪೇಪರ್ ಟೌನಿನ ಮನೆಯ ಹಳೆಯ ಮೋಡೆಮನ್ನು ಅವು ಸರಿಪಡಿಸಲಾರವು.

ಭದ್ರಾವತಿಯ ಸಂದರ್ಭದಲ್ಲಿ ಮತ್ತೊಂದು ಅಂಶವನ್ನೂ ಗಮನಿಸಬೇಕು. ಮೈಸೂರು ಕಾಗದ ಕಾರ್ಖಾನೆ ಮತ್ತು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಗಳನ್ನು ನೆಚ್ಚಿ ಬೆಳೆದ ಈ ಊರಿನಲ್ಲಿ ನಿವೃತ್ತ ಕಾರ್ಮಿಕರ ಕುಟುಂಬಗಳು ಬಹಳ. ಮಕ್ಕಳು ಉದ್ಯೋಗ ನಿಮಿತ್ತ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮನೆಗಳಲ್ಲಿ ಪಿಂಚಣಿ, ಜೀವಿತ ಪ್ರಮಾಣಪತ್ರ, ಸ್ವತ್ತಿನ ತೆರಿಗೆ ಎಲ್ಲವೂ ಒಂದೇ ಮೊಬೈಲ್ ಮತ್ತು ಒಂದೇ ಮೋಡೆಮ್ ಮೂಲಕ ಸಾಗುತ್ತವೆ. ಅಂತಹ ಮನೆಯ ಪಾಸ್‌ವರ್ಡ್ ಬದಲಾಯಿಸುವ ಕೆಲಸವು ಹಬ್ಬಕ್ಕೆ ಊರಿಗೆ ಬಂದ ಮಗ ಅಥವಾ ಮಗಳಿಂದ ಒಂದು ಗಂಟೆಯಲ್ಲಿ ಆಗಬಹುದು. ಲೇಖಕನ ಮಾವನವರು ಮೊದಲು 'ನಮ್ಮ ಮನೇಲಿ ಕದಿಯೋಕೆ ಏನಿದೆ, ಬಿಡಿ' ಎಂದಿದ್ದರು. ತಮ್ಮ ಗೇಟನ್ನು ಯಾರೂ ಎಲ್ಲಿಂದಲಾದರೂ ನೋಡಬಹುದಿತ್ತು ಎಂಬುದನ್ನು ತೋರಿಸಿದ ಮೇಲೆ ಗೋಡೆಯ ಚೀಟಿಯನ್ನು ಅವರೇ ಕಿತ್ತರು.

ಮಿತಿ ಮತ್ತು ದೂರು

ತಾಂತ್ರಿಕ ಆಸಕ್ತಿಯುಳ್ಳ ಯುವಕರು ತೆರೆದ ದ್ವಾರಗಳನ್ನು ಪತ್ತೆಹಚ್ಚುವ ಎನ್‌ಮ್ಯಾಪ್‌ನಂತಹ ಉಚಿತ ತಂತ್ರಾಂಶಗಳನ್ನು ತಮ್ಮ ಮನೆಯ ಜಾಲದ ಮೇಲೆ ಬಳಸಬಹುದು. ಅದನ್ನು ಪಕ್ಕದ ಮನೆಯ, ಕಾಲೇಜಿನ ಅಥವಾ ಕಚೇರಿಯ ಜಾಲದ ಮೇಲೆ ಅನುಮತಿಯಿಲ್ಲದೆ ಪ್ರಯೋಗಿಸತಕ್ಕದ್ದಲ್ಲ. ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರ ಅಥವಾ ಜಾಲವನ್ನು ವಂಚನೆಯ ಉದ್ದೇಶದಿಂದ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ ಕಲಂ 43 ಮತ್ತು 66ರನ್ವಯ ಮೂರು ವರ್ಷಗಳವರೆಗಿನ ಕಾರಾಗೃಹವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ.

ಕುತಂತ್ರಾಂಶದ ಶಂಕೆಯಿದ್ದಲ್ಲಿ ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಶುದ್ಧೀಕರಣ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹಣಕಾಸಿನ ವಂಚನೆ ನಡೆದಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ವರ್ಗಾವಣೆಯಾದ ಹಣವು ಮುಂದಿನ ಖಾತೆಗೆ ಸಾಗುವ ಮೊದಲೇ ತಡೆಹಿಡಿಯಲು ಮೊದಲ ಗಂಟೆಗಳು ನಿರ್ಣಾಯಕ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ, ಶಿವಮೊಗ್ಗದ ಸಿ.ಇ.ಎನ್. ಅಪರಾಧ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ದೂರು ನೀಡುವ ಮುನ್ನ ಮೋಡೆಮನ್ನು ರೀಸೆಟ್ ಮಾಡಬೇಡಿ. ಸಂಪರ್ಕದ ತಂತಿಯನ್ನು ಮಾತ್ರ ಕಳಚಿ, ಉಪಕರಣಗಳ ಪಟ್ಟಿ ಹಾಗೂ ಡಿ.ಎನ್.ಎಸ್. ಪುಟದ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು, ದಿನಾಂಕ ಮತ್ತು ವೇಳೆಯನ್ನು ಬರೆದಿಡತಕ್ಕದ್ದು.

ಶಾಖಾಧಿಕಾರಿ